ಹಲ್ಲುನೋವಿನ ಭಯವೂ ಭಯದ ಹಲ್ಲುನೋವೂ

ಹಲ್ಲಿನ ವೈದ್ಯರ ಹೆಸರು ಕೇಳಿದೊಡನೆ ಅಳುಕುವವರ ಸಂಖ್ಯೆ ನಮ್ಮ ವಿದ್ಯಾರ್ಥಿವರ್ಗದಲ್ಲಿ ಅಲ್ಪವಾದುದೇನೂ ಅಲ್ಲ. ಪರೀಕ್ಷೆಗೆ ಹೆದರುವವನು ಆ ದಿನ ಬಂದಾಗ ಹೇಗೋ ಕುಳಿತು ಬರೆದು ಬರುತ್ತಾನೆ. ಹಾವಿಗೆ ಹೆದರುವವನು ದಾರಿ ಬಿಟ್ಟು ನಡೆದರೆ ಹಾವೂ ತನ್ನ ಪಾಡಿಗೆ ತಾನು ಹೋಗುತ್ತದೆ. ಹುಳುಕು ಹಲ್ಲಿನ ವಿಷಯ ಹಾಗಲ್ಲ. ಇಲ್ಲಿ ಹೆದರಿ ದೂರ ಸರಿದಷ್ಟೂ ಹೆದರಿಕೆಗೆ ಕಾರಣವಾದ ವಸ್ತುವೇ ಬೆಳೆಯುತ್ತ ಹೋಗುತ್ತದೆ. ದಂತವೈದ್ಯರ ಕುರ್ಚಿಯ ಭಯ ನಮ್ಮ ತಾತಂದಿರ ಕಾಲದಲ್ಲಿ ಯುಕ್ತವಾಗಿಯೇ ಇದ್ದಿತು. ಇಂದಾದರೋ ಆ ಕುರ್ಚಿಯಲ್ಲಿ ಅನುಭವಿಸುವ ನೋವಿನ ಬಹುಭಾಗವನ್ನು ಭಯವೇ ಉತ್ಪಾದಿಸುತ್ತಿದೆ. ಇದು ನಮ್ಮ ಅಭಿಪ್ರಾಯ. ಮಾತಿನ ಚಮತ್ಕಾರಕ್ಕಾಗಿ ಹೀಗೆ ಹೇಳುತ್ತಿಲ್ಲ. ಭೌತ ಮತ್ತು ರಸಾಯನ ಶಾಸ್ತ್ರಗಳ ಸಾಮಾನ್ಯ ನಿಯಮಗಳಿಂದಲೇ ಇದನ್ನು ತೋರಿಸಬಹುದು. ಭೌತಶಾಸ್ತ್ರದ ಅಧ್ಯಾಪಕರಿಗೆ ಪರರ ಬಾಯಿಯಲ್ಲೇನು ಕೆಲಸವೆಂದು ಕೇಳುವವರು ಮುಂದಿನ ಕೆಲವು ಪುಟಗಳವರೆಗೆ ತಾಳ್ಮೆಯಿಂದಿರಬೇಕಾಗಿ ವಿನಂತಿ.

ಬಂಗಾರಪೇಟೆಯಿಂದ ಕವಲೊಡೆದ ರೈಲುದಾರಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ೧೮೯೪ರಲ್ಲಿ ಆ ದಾರಿಯನ್ನು ಹಾಕಿದ್ದು ಚಿನ್ನದ ಗಣಿಗಳಿಗಾಗಿ. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೆ ಅದೇ ದಾರಿ ಜನರನ್ನು ನಸುಕಿನಲ್ಲಿಯೇ ಬೆಂಗಳೂರಿನ ಕೆಲಸಗಳಿಗೆ ಒಯ್ದು ಕತ್ತಲಾದ ಮೇಲೆ ಹಿಂದಕ್ಕೆ ತಂದು ಬಿಡುತ್ತಿದೆ. ಈ ಭಾಗದ ಹುಡುಗರಿಗೆ ನಾವು ಪಾಠ ಹೇಳುತ್ತ ಬಂದಿದ್ದೇವೆ. ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬಿಬ್ಬರಾದರೂ ಕೆನ್ನೆ ಊದಿಸಿಕೊಂಡು, ಅಂಗೈಯಿಂದ ದವಡೆಯನ್ನು ಒತ್ತಿ ಹಿಡಿದು ಕೂರುವುದುಂಟು. ಹೀಗೆ ಕುಳಿತ ಒಬ್ಬನನ್ನು ವೈದ್ಯರಲ್ಲಿಗೆ ಏಕೆ ಹೋಗಲಿಲ್ಲವೆಂದು ಕೇಳಿದಾಗ, “ನಮ್ಮ ತಾತ ಚಾಂಪಿಯನ್ ರೀಫಿನಲ್ಲಿ ಕೆಲಸ ಮಾಡಿದವರು, ಸಾರ್. ಅವರೇ ಹಲ್ಲಿನ ಡಾಕ್ಟರ ಹತ್ತಿರ ಹೋಗಲಿಲ್ಲ!” ಎಂದ. ಉತ್ತರ ಕೇಳಿ ತರಗತಿ ನಕ್ಕಿತು. ನಮಗೆ ಮಾತ್ರ ಅದು ನಗುವ ಮಾತಾಗಿ ತೋರಲಿಲ್ಲ. ಚಾಂಪಿಯನ್ ರೀಫ್ ಗಣಿಯೆಂದರೆ ನೆಲದಡಿ ಮೂರು ಕಿಲೋಮೀಟರಿಗೂ ಮಿಕ್ಕ ಆಳ. ತಳದ ಬಂಡೆ ಮುಟ್ಟಲಾಗದಷ್ಟು ಬಿಸಿ. ಒತ್ತಡ ತಾಳಲಾರದೆ ಬಂಡೆಯೇ ಸಿಡಿದು ಜನರನ್ನು ಬಲಿ ತೆಗೆದುಕೊಂಡ ಸಂದರ್ಭಗಳೂ ಅನೇಕ. ಅಂಥ ಕಡೆಗೆ ದಿನವೂ ಇಳಿದು ಏರಿದ ಮನುಷ್ಯನನ್ನು ಹೇಡಿಯೆಂದು ಯಾರು ಕರೆದಾರು? ಆದಕಾರಣ ಈ ಭಯವನ್ನು ಪೌರುಷದ ಕೊರತೆಯೆಂದು ಹಂಗಿಸುವುದು ಮೊದಲನೆಯದಾಗಿ ತಪ್ಪು, ಎರಡನೆಯದಾಗಿ ನಿಷ್ಪ್ರಯೋಜಕ. ಭಯದ ಮೂಲ ಬೇರೆಡೆ ಇದೆ.

ಮೊದಲು ರೋಗದ ವಿಚಾರ. ‘ಹಲ್ಲಿಗೆ ಹುಳು ಬಿದ್ದಿದೆ’ ಎನ್ನುವುದು ನಮ್ಮ ಮಾತಿನ ರೂಢಿ. ‘ಹುಳುಕು’ ಎಂಬ ಪದದಲ್ಲಿಯೇ ಆ ಭಾವನೆ ಅಡಗಿದೆ. ಗುಳ್ಳದ ಜಾತಿಯ ಕಾಯಿಗಳ ಬೀಜವನ್ನು ಕೆಂಡದ ಮೇಲೆ ಹಾಕಿ ಹೊಗೆಯನ್ನು ಬಾಯಿಗೆ ಹಿಡಿಸಿ, ಉದುರಿದ ಬಿಳಿಯ ಎಳೆಗಳನ್ನು ‘ಇಗೋ ಹುಳು’ ಎಂದು ತೋರಿಸುವವರು ಹಳ್ಳಿಗಳ ಕಡೆ ಇಂದಿಗೂ ಇದ್ದಾರೆ. ಕೆಂಡದ ಕಾವಿಗೆ ಬೀಜ ಬಿರಿದಾಗ ಹೊರಬಿದ್ದ ಎಳೆ ಅದು. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಹಲ್ಲನ್ನು ಕೊರೆಯುವುದು ಹುಳುವಲ್ಲ, ಆಮ್ಲ. ನಾವು ತಿಂದ ಸಕ್ಕರೆಯನ್ನೂ ಪಿಷ್ಟವನ್ನೂ ಹಲ್ಲಿನ ಮೇಲಿನ ಪಾಚಿಯಂಥ ಪೊರೆಯಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಆಮ್ಲವಾಗಿ ಮಾರ್ಪಡಿಸುತ್ತವೆಂಬ ವಾದವನ್ನು ಮಿಲ್ಲರ್ ಎಂಬ ವಿಜ್ಞಾನಿ ೧೮೯೦ರಲ್ಲಿಯೇ ಮಂಡಿಸಿದನು. ಅದರ ತಿರುಳು ಇಂದಿಗೂ ನಿಂತಿದೆ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದ ಅತ್ಯಂತ ಗಟ್ಟಿಯಾದ ವಸ್ತು. ಮೋಸನ ಕಾಠಿನ್ಯ ಮಾಪನದಲ್ಲಿ ಅದರ ಸ್ಥಾನ ಸುಮಾರು ೫. ಕೋಲಾರದ ಚಿನ್ನವನ್ನು ಹೊತ್ತ ಬೆಣಚುಕಲ್ಲು ೭, ಚಿನ್ನವಾದರೋ ಮೂರಕ್ಕೂ ಕಡಮೆ. ಆದರೆ ಬೆಣಚುಕಲ್ಲಿಗೂ ಚಿನ್ನಕ್ಕೂ ಇಲ್ಲದ ದೌರ್ಬಲ್ಯವೊಂದು ಎನಾಮಲಿಗೆ ಉಂಟು. ಬಾಯಿಯ ಪಿಎಚ್ ಸುಮಾರು ೫.೫ಕ್ಕಿಂತ ಕೆಳಗಿಳಿದರೆ ಅದರ ಖನಿಜ ಕರಗಲಾರಂಭಿಸುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು, ಕರಗಿದ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿ ಕಟ್ಟುತ್ತದೆ. ಗಂಟೆಗೊಮ್ಮೆ ಸಕ್ಕರೆ ಬೆರಸಿದ ಚಹ ಕುಡಿಯುವವನ ಬಾಯಿಯಲ್ಲಿ ಜೊಲ್ಲಿಗೆ ಆ ಬಿಡುವು ದೊರೆಯುವುದಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಎನಾಮಲಿನಲ್ಲಿ ನರವಿಲ್ಲ. ಗಣಿಗೆ ಸುರಂಗ ತೋಡಿದಂತೆ ಆಮ್ಲ ಕವಚವನ್ನು ದಾಟಿ ಒಳಕ್ಕೆ ಹೋಗುವ ತನಕ ಹಲ್ಲಿನ ಒಡೆಯನಿಗೆ ಏನೂ ತಿಳಿಯದು. ಅದರೊಳಗಿನ ಡೆಂಟೀನಿನಲ್ಲಿ ಮಾತ್ರ ಚದರ ಮಿಲಿಮೀಟರಿಗೆ ಹತ್ತಾರು ಸಾವಿರದಂತೆ ಅತಿ ಸೂಕ್ಷ್ಮವಾದ ನಾಳಗಳಿದ್ದು, ಅವುಗಳಲ್ಲಿ ದ್ರವ ತುಂಬಿರುತ್ತದೆ. ತಣ್ಣೀರು ತಗಲಿದರೆ ಆ ದ್ರವ ಸಂಕೋಚಗೊಂಡು ಸರಿಯುತ್ತದೆ. ನಾಳದ ಒಳತುದಿಯಲ್ಲಿರುವ ನರ ಆ ಚಲನೆಯನ್ನು ಗ್ರಹಿಸಿ ಚುಳುಕ್ಕೆನ್ನುತ್ತದೆ. ಸ್ವೀಡನ್ನಿನ ಬ್ರೆನ್‌ಸ್ಟ್ರೆಮ್ ಎಂಬ ವಿದ್ವಾಂಸನು ೧೯೬೦ರ ದಶಕದಲ್ಲಿ ಸಮರ್ಥಿಸಿದ ಈ ದ್ರವಚಲನ ವಾದ ನಮ್ಮಂಥವರಿಗೆ ಬಹಳ ಹಿಡಿಸಿದ ವಿಷಯ. ಮನುಷ್ಯನ ನೋವನ್ನು ಲೋಮನಾಳದೊಳಗಿನ ದ್ರವದ ಚಲನೆಗೆ ಇಳಿಸಿ ವಿವರಿಸಿದ ಉದಾಹರಣೆಗಳು ಹೆಚ್ಚಿಲ್ಲ. ವಿದ್ಯಾರ್ಥಿಗಳು ನೆನಪಿಡಬೇಕಾದದ್ದು ಇಷ್ಟು: ತಣ್ಣೀರಿಗೆ ಚುಳುಕ್ಕೆಂದು ಕೂಡಲೇ ನಿಂತುಹೋಗುವ ನೋವು ಆದಿಯ ಸೂಚನೆ. ಆ ಹಂತದಲ್ಲಿ ಹೋದವನಿಗೆ ಬಹುಶಃ ಚುಚ್ಚುಮದ್ದೂ ಬೇಕಾಗಲಿಕ್ಕಿಲ್ಲ.

ಅಲ್ಲಿಗೂ ಹೋಗದೆ ಉಳಿದರೆ ಹುಳುಕು ತಿರುಳನ್ನು ಮುಟ್ಟುತ್ತದೆ. ರಕ್ತನಾಳವೂ ನರವೂ ಇರುವ ಈ ತಿರುಳು ಸುತ್ತಲೂ ಗಟ್ಟಿಗೋಡೆಯ ಕೋಣೆಯೊಳಗಿದೆ. ಕಾಲಿಗೆ ಮುಳ್ಳು ಚುಚ್ಚಿ ಬಾವು ಬಂದರೆ ಚರ್ಮ ಹಿಗ್ಗಿ ಸ್ಥಳ ಕೊಡುತ್ತದೆ. ಹಲ್ಲಿನ ಗೋಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರುತ್ತದೆ. ನಾಡಿ ಮಿಡಿದ ಹಾಗೆಲ್ಲ ಹಲ್ಲು ಮಿಡಿಯುತ್ತದೆ. ಮಲಗಿದರೆ ತಲೆಯ ಕಡೆಗೆ ರಕ್ತದೊತ್ತಡ ಹೆಚ್ಚಿ ನೋವು ಇಮ್ಮಡಿಸುತ್ತದೆ. ಹಲ್ಲುನೋವು ರಾತ್ರಿಯ ಹೊತ್ತಿನಲ್ಲಿಯೇ ಹೆಚ್ಚೇಕೆಂದು ಕೇಳುವವರಿಗೆ ಉತ್ತರ ಇದರಲ್ಲಿದೆ. ಕೆಲವು ದಿನ ಕಳೆದು ನೋವು ತಾನಾಗಿಯೇ ನಿಂತಾಗ ‘ವಾಸಿಯಾಯಿತು’ ಎಂದು ಸಂತೋಷಪಡುವವರಿದ್ದಾರೆ. ವಾಸಿಯಾದದ್ದಲ್ಲ, ತಿರುಳು ಸತ್ತದ್ದು. ಸೋಂಕು ಅಲ್ಲಿಂದ ಬೇರಿನ ತುದಿಗೆ ಇಳಿದು ಎಲುಬಿನಲ್ಲಿ ಕೀವು ಕಟ್ಟುತ್ತದೆ. ಅಪರೂಪವಾಗಿಯಾದರೂ ದವಡೆಯಿಂದ ಗಂಟಲಿಗೆ ಹಬ್ಬಿ ಉಸಿರಾಟಕ್ಕೇ ಸಂಚಕಾರ ತರುವುದೂ ಉಂಟು.

ಇನ್ನು ಯಂತ್ರದ ವಿಷಯ. ಅಮೆರಿಕದ ಮಾರಿಸನ್ ಎಂಬವನು ೧೮೭೧ರಲ್ಲಿ ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿದು ನಡೆಸುವ ಹಲ್ಲಿನ ಬೈರಿಗೆಗೆ ಹಕ್ಕುಪತ್ರ ಪಡೆದನು. ನಿಮಿಷಕ್ಕೆ ಹೆಚ್ಚೆಂದರೆ ಎರಡು ಸಾವಿರ ಸುತ್ತು. ಮುಂದೆ ವಿದ್ಯುಚ್ಛಕ್ತಿಯ ಮೋಟಾರು ಬಂದಾಗಲೂ ವೇಗ ಬಹುಕಾಲ ಕೆಲವು ಸಾವಿರಗಳಲ್ಲಿಯೇ ಇತ್ತು. ನಿಧಾನವಾಗಿ ತಿರುಗುವ ಬೈರಿಗೆಯನ್ನು ಒತ್ತಿ ಹಿಡಿಯಬೇಕು. ಒತ್ತಿದಷ್ಟೂ ಘರ್ಷಣೆ, ಘರ್ಷಣೆಯಿಂದ ಶಾಖ, ಜೊತೆಗೆ ತಲೆಬುರುಡೆಯನ್ನೇ ಅಲುಗಿಸುವ ಕಂಪನ. ನಮ್ಮ ತಾತಂದಿರು ಹೆದರಿದ್ದು ಇದಕ್ಕೆ, ಮತ್ತು ಸಂತೆಯಲ್ಲಿ ಇಕ್ಕಳ ಹಿಡಿದು ಕುಳಿತವನಿಗೆ. ಹೆದರಿದ್ದು ಸರಿಯಾಗಿಯೇ ಇದೆ!

೧೯೫೭ರಲ್ಲಿ ವಾಷಿಂಗ್ಟನ್ನಿನ ಬೋರ್ಡನ್ ಎಂಬ ದಂತವೈದ್ಯನು ಬಳಕೆಗೆ ತಂದ ಗಾಳಿ ಚಕ್ರದ ಬೈರಿಗೆ ನಿಮಿಷಕ್ಕೆ ಸುಮಾರು ಮೂರು ಲಕ್ಷ ಸುತ್ತು ತಿರುಗುತ್ತದೆ. ಅದನ್ನು ತಿರುಗಿಸುವುದು ಅದುಮಿದ ಗಾಳಿ. ಮಾರಿಕುಪ್ಪಂ, ಊರಿಗಾಂಗಳ ಗಣಿಗಳಲ್ಲಿ ಬಂಡೆ ಕೊರೆಯುತ್ತಿದ್ದ ಯಂತ್ರಗಳಿಗೂ ಅದುಮಿದ ಗಾಳಿಯೇ ಆಧಾರವಾಗಿತ್ತೆಂಬುದನ್ನು ಅಲ್ಲಿಯ ಹಿರಿಯರನ್ನು ಕೇಳಿದರೆ ತಿಳಿಯುವುದು. ಗಣಿಯ ಬೈರಿಗೆಗೆ ನೀರು ಹಾಯಿಸುತ್ತಿದ್ದುದು ಶ್ವಾಸಕೋಶವನ್ನು ಕೆಡಿಸುವ ಕಲ್ಲಿನ ಧೂಳನ್ನು ಅಡಗಿಸಲು. ಹಲ್ಲಿನ ಬೈರಿಗೆಗೆ ನೀರು ಚಿಮುಕಿಸುವುದು ಶಾಖವನ್ನು ಒಯ್ಯಲು. ಹಲ್ಲಿನ ತಿರುಳು ಎಷ್ಟು ಶಾಖ ತಾಳೀತೆಂಬುದನ್ನು ಜಾಕ್ ಮತ್ತು ಕೋಹೆನ್ ಎಂಬವರು ಕೋತಿಗಳ ಹಲ್ಲುಗಳಲ್ಲಿ ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದರು. ತಿರುಳಿನ ಉಷ್ಣತೆ ೫.೫ ಸೆಂಟಿಗ್ರೇಡ್ ಡಿಗ್ರಿ ಏರಿದರೂ ಕೆಲವು ಹಲ್ಲುಗಳಲ್ಲಿ ಅದು ಚೇತರಿಸಿಕೊಳ್ಳಲಿಲ್ಲ. ನೀರಿನ ತುಂತುರನ್ನು ವೈದ್ಯರು ಎಂದಿಗೂ ಮರೆಯದಿರುವುದಕ್ಕೆ ಕಾರಣ ಇದು. (ಅದೇ ೧೯೬೫ರಲ್ಲಿ ಕೋಲಾರದ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ನಮ್ಮ ದೇಶದ ಮತ್ತು ಹೊರದೇಶಗಳ ವಿಜ್ಞಾನಿಗಳು ಕೂಡಿ ಪತ್ತೆ ಮಾಡಿದರು. ಪ್ರಸ್ತುತ ವಿಷಯಕ್ಕೆ ಅದು ಸಂಬಂಧಿಸದಿದ್ದರೂ ಊರಿನ ಅಭಿಮಾನಕ್ಕಾಗಿ ಹೇಳದೆ ಇರಲಾರೆವು.)

ಶಬ್ದದ ಮಾತು ಬಂದರೆ ಇನ್ನೂ ಸ್ವಾರಸ್ಯವಿದೆ. ನಿಮಿಷಕ್ಕೆ ಮೂರು ಲಕ್ಷವೆಂದರೆ ಸೆಕೆಂಡಿಗೆ ಐದು ಸಾವಿರ ಸುತ್ತು. ಸ್ಪರ್ಶೇಂದ್ರಿಯ ಸೆಕೆಂಡಿಗೆ ಸುಮಾರು ಸಾವಿರಕ್ಕಿಂತ ಹೆಚ್ಚಿನ ಕಂಪನಗಳನ್ನು ಗುರುತಿಸಲಾರದು. ಆದ್ದರಿಂದ ಹಳೆಯ ಯಂತ್ರದ ಅಲುಗಾಟ ಇದರಲ್ಲಿಲ್ಲ. ಆದರೆ ಕಿವಿ ಅತ್ಯಂತ ಚುರುಕಾಗಿರುವುದು ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನಗಳ ನಡುವೆ. ಹಲ್ಲಿಗೆ ಸೌಮ್ಯವಾದ ಈ ಯಂತ್ರ ಕಿವಿಗೆ ಕ್ರೂರವಾದದ್ದು ಹೀಗೆ. ಪಕ್ಕದ ಕೋಣೆಯಿಂದ ಬರುವ ಆ ಕೀರಲು ದನಿಯನ್ನು ಕೇಳುತ್ತ ಬೆಂಚಿನ ಮೇಲೆ ಕುಳಿತಾತನು ಒಳಗಿರುವವನ ಯಾತನೆಯನ್ನು ಊಹಿಸಿ ಬೆವರುತ್ತಾನೆ. ಒಳಗಿರುವವನಾದರೋ ಬಾಯಿ ತೆರೆದಿಟ್ಟು ದವಡೆ ಸೋತಿತೆಂಬ ಬೇಸರದಲ್ಲಿ ಮಾತ್ರ ಇರಬಹುದು. ಮೆತ್ತಗಾದ ಹುಳುಕನ್ನು ತೆಗೆಯಲು ನಿಧಾನದ ಯಂತ್ರವನ್ನು ಇಂದಿಗೂ ಬಳಸುವುದುಂಟು, ಅದರ ಗುರುಗುರು ಎಲುಬಿಗೆ ತಿಳಿಯುತ್ತದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಕಂಪನ ಬೇರೆ, ನೋವು ಬೇರೆ ಎಂಬುದನ್ನು ಮೊದಲೇ ತಿಳಿದು ಹೋದವನು ಅಷ್ಟಾಗಿ ಬೆಚ್ಚುವುದಿಲ್ಲ.

ನೋವನ್ನು ಅಡಗಿಸುವ ವಿದ್ಯೆ ದಂತವೈದ್ಯರ ಕೈಯಲ್ಲಿಯೇ ಬೆಳೆಯಿತೆಂಬುದು ಬಹಳ ಮಂದಿಗೆ ತಿಳಿದಿಲ್ಲ. ೧೮೪೪ರಲ್ಲಿ ನಗೆ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡ ವೆಲ್ಸ್ ಒಬ್ಬ ದಂತವೈದ್ಯ. ೧೮೪೬ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರನ್ನು ಬಹಿರಂಗವಾಗಿ ಪ್ರಯೋಗಿಸಿದ ಮಾರ್ಟನ್ ಇನ್ನೊಬ್ಬ ದಂತವೈದ್ಯ. ನಮ್ಮ ಕಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧ ೧೯೪೩ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾಯಿತು. ನರದೊಳಗೆ ಸೋಡಿಯಂ ಅಯಾನುಗಳು ನುಗ್ಗುವ ಬಾಗಿಲನ್ನು ಅದು ಮುಚ್ಚುತ್ತದೆ. ಸುದ್ದಿ ಮಿದುಳಿಗೆ ತಲಪುವುದೇ ಇಲ್ಲ.

ಹಾಗಾದರೆ ಚುಚ್ಚುಮದ್ದು ಕೊಟ್ಟರೂ ನೋವಾಯಿತೆಂದು ಹೇಳುವವರ ಮಾತು ಸುಳ್ಳೆ? ಸುಳ್ಳಲ್ಲ. ಈ ಲೇಖನದ ಮುಖ್ಯ ವಿಷಯಕ್ಕೆ ನಾವೀಗ ಬಂದೆವು. ಲಿಡೊಕೇನಿನ ಅಣು ಎರಡು ರೂಪಗಳಲ್ಲಿರುತ್ತದೆ: ವಿದ್ಯುದಂಶ ಹೊತ್ತದ್ದು, ಹೊರದದ್ದು. ನರದ ಪೊರೆಯನ್ನು ದಾಟಿ ಒಳಹೋಗಬಲ್ಲುದು ಹೊರದ ರೂಪ ಮಾತ್ರ. ಆರೋಗ್ಯವಾದ ಅಂಗಾಂಶದ ಪಿಎಚ್ ೭.೪, ಅಲ್ಲಿ ಔಷಧದ ಸುಮಾರು ಕಾಲುಪಾಲು ದಾಟಬಲ್ಲ ರೂಪದಲ್ಲಿರುತ್ತದೆ. ಕೀವು ತುಂಬಿದ ಜಾಗ ಆಮ್ಲೀಯವಾದುದು. ಅಲ್ಲಿಯ ಪಿಎಚ್ ಒಂದು ಅಂಕೆಯಷ್ಟು ಇಳಿದು ೬.೪ ಆಯಿತೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ ದಾಟಬಲ್ಲ ಪಾಲು ನೂರಕ್ಕೆ ಮೂರಕ್ಕೆ ಇಳಿಯುತ್ತದೆ. (ಔಷಧದ ಪಿಕೆ ಬೆಲೆ ೭.೯ ಎಂದು ಹಿಡಿದು ಕಾಲೇಜಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.) ಇದರ ಮೇಲೆ ಬಹುದಿನದ ಉರಿಯೂತದಿಂದ ನರವೂ ಕೆರಳಿ ಕುಳಿತಿರುತ್ತದೆ. ಬೇನೆಯ ಜಾಗವನ್ನು ಬಿಟ್ಟು ದೂರದಲ್ಲಿ ನರದ ಬುಡಕ್ಕೆ ಔಷಧ ಕೊಡುವುದೇ ಮುಂತಾದ ಉಪಾಯಗಳು ವೈದ್ಯರಲ್ಲಿ ಇಲ್ಲದೆ ಇಲ್ಲ. ಆದರೂ ಕೆಲಸ ಕಷ್ಟವಾದದ್ದೆ.

ಈಗ ಸರಪಣಿಯನ್ನು ನೋಡಿರಿ. ನೋವಿಗೆ ಹೆದರಿ ಒಬ್ಬನು ಆರು ತಿಂಗಳು ತಡಮಾಡುತ್ತಾನೆ. ಆರು ತಿಂಗಳಲ್ಲಿ ಕೀವು ಕಟ್ಟುತ್ತದೆ. ಕೀವಿನಿಂದ ಔಷಧದ ಬಲ ಕುಗ್ಗುತ್ತದೆ. ನೋವಾಗುತ್ತದೆ. ‘ನಾನು ಹೆದರಿದ್ದು ಸರಿಯಾಗಿತ್ತು’ ಎಂದು ಅವನು ಮನೆಗೆ ಬಂದು ತಮ್ಮ ತಂಗಿಯರಿಗೆ ವರ್ಣಿಸುತ್ತಾನೆ, ಅವರೂ ತಡಮಾಡುತ್ತಾರೆ. ತನ್ನ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಳ್ಳುವ ಇಂಥ ನಂಬಿಕೆಯನ್ನು ಅನುಭವದ ಹೆಸರಿನಲ್ಲಿ ಅಲುಗಿಸುವುದು ಕಷ್ಟ. ಏಕೆಂದರೆ ಅನುಭವವೂ ಅದರ ಪಕ್ಷವೇ. ಅಲುಗಿಸುವುದಾದರೆ ಕಾರಣದ ತಿಳುವಳಿಕೆಯಿಂದ ಮಾತ್ರ ಸಾಧ್ಯ. ಪ್ರೌಢಶಾಲೆಯಲ್ಲಿ ಹಲ್ಲುಗಳ ಸಂಖ್ಯೆಯನ್ನೂ ಹೆಸರುಗಳನ್ನೂ ಬಾಯಿಪಾಠ ಮಾಡಿಸುವ ನಾವು ಈ ಸರಪಣಿಯನ್ನು ಒಮ್ಮೆಯಾದರೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಿಲ್ಲ ಎಂಬುದು ನಮ್ಮ ದೊಡ್ಡ ಆಕ್ಷೇಪಣೆ.

ತಡಮಾಡಲು ನೆಪಗಳೂ ಧಾರಾಳವಾಗಿವೆ. ಲವಂಗದ ಎಣ್ಣೆ ಅದರಲ್ಲೊಂದು. ಅದು ಮೋಸವಲ್ಲ, ಅದರಲ್ಲಿರುವ ಯುಜೆನಾಲ್ ನೋವನ್ನು ಅಡಗಿಸುತ್ತದೆ, ವೈದ್ಯರೂ ಅದನ್ನು ಬಳಸುತ್ತಾರೆ. ಆದರೆ ರಂಧ್ರವನ್ನು ಅದು ಮುಚ್ಚಲಾರದು. ಹೊಗೆಸೊಪ್ಪನ್ನು ದವಡೆಯಲ್ಲಿ ಒತ್ತಿಡುವ ಅಭ್ಯಾಸ ಕೇವಲ ಅನಾಹುತದ್ದು. ಬಾಯಿಯ ಕ್ಯಾನ್ಸರಿಗೆ ಅದು ದಾರಿ. ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆಂಬ ನಂಬಿಕೆ ಕನ್ನಡ, ತಮಿಳು, ತೆಲುಗು ಮೂರೂ ಮಾತುಗಳಲ್ಲಿ ನಮ್ಮ ಕಿವಿಗೆ ಬಿದ್ದಿದೆ. ಹಲ್ಲಿನ ಸಂವೇದನೆಯನ್ನು ಒಯ್ಯುವುದು ಮಿದುಳಿನ ಐದನೆಯ ನರ, ದೃಷ್ಟಿಯನ್ನು ಒಯ್ಯುವುದು ಎರಡನೆಯದು. ಹಲ್ಲು ಕಿತ್ತುದರಿಂದ ದೃಷ್ಟಿಯ ನರ ಕಿತ್ತು ಬರುವುದಿಲ್ಲ. ವಯಸ್ಸಾದವರಿಗೆ ಹಲ್ಲು ಹೋಗುವ ಕಾಲದಲ್ಲಿಯೇ ಕಣ್ಣು ಮಂಜಾಗುವುದರಿಂದ ಈ ನಂಬಿಕೆ ಹುಟ್ಟಿರಬಹುದೆಂದು ತೋರುತ್ತದೆ.

ಕೋಲಾರ ಜಿಲ್ಲೆಗೆ ವಿಶೇಷವಾದ ಇನ್ನೊಂದು ಅಡ್ಡಿಯಿದೆ. ಅದು ಭಯವಲ್ಲ, ನಾಚಿಕೆ. ಇಲ್ಲಿಯ ಎಷ್ಟೋ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ಅಂಶ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ ೧ ಮಿಲಿಗ್ರಾಂ. ಬೇರೆ ನೀರೇ ಇಲ್ಲದಲ್ಲಿ ೧.೫. ಎಳೆವಯಸ್ಸಿನಲ್ಲಿ ಎನಾಮಲ್ ರೂಪುಗೊಳ್ಳುತ್ತಿರುವಾಗ ಅದಕ್ಕೆ ಮಿಕ್ಕಿದ ಫ್ಲೋರೈಡು ದೇಹಕ್ಕೆ ಸೇರಿದರೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಕಂದುಬಣ್ಣದ ಪಟ್ಟೆಗಳು ಮೂಡುತ್ತವೆ. ಹುಳುಕು ಬೇರೆ, ಇದು ಬೇರೆ. ಉಜ್ಜದೆ ಬಿಟ್ಟ ಕೊಳೆಯಂತೂ ಅಲ್ಲವೇ ಅಲ್ಲ. ಆದರೂ ಬಾಯಿ ತೆರೆದರೆ ‘ಹಲ್ಲು ಉಜ್ಜುವುದಿಲ್ಲವೇನೋ?’ ಎಂಬ ಗದರಿಕೆ ಬಂದೀತೆಂದು ಹಿಂಜರಿದು ನಿಂತ ಹುಡುಗಿಯರನ್ನೂ ಹುಡುಗರನ್ನೂ ನಾವು ಬಲ್ಲೆವು. ವೈದ್ಯರಲ್ಲಿಯೂ ನಮ್ಮದೊಂದು ಮಾತು: ತಡವಾಗಿ ಬಂದವನನ್ನು ಬೈದು ಕಳುಹಿಸಿದರೆ ಮುಂದಿನ ಸಲ ಅವನು ಇನ್ನೂ ತಡವಾಗಿ ಬರುತ್ತಾನೆ.

ಹಣದ ವಿಚಾರವನ್ನು ಹೇಳದಿದ್ದರೆ ಅನ್ಯಾಯವಾದೀತು. ಗಣಿ ನಡೆಯುತ್ತಿದ್ದಷ್ಟು ಕಾಲ ಕಾರ್ಮಿಕ ಕುಟುಂಬಗಳಿಗೆ ಗಣಿಯದೇ ಆಸ್ಪತ್ರೆಯಿತ್ತು. ದಿನಗೂಲಿಯವನು ಬೆಂಗಳೂರಿನ ಒಂದು ದಿನದ ಸಂಪಾದನೆ ಬಿಟ್ಟು ಹಲ್ಲಿಗಾಗಿ ಕೂರಬೇಕಾದರೆ ಅವನ ತಡವನ್ನು ಭಯವೆಂದು ಕರೆಯುವುದು ನ್ಯಾಯವಲ್ಲ. ಆದರೆ ಲೆಕ್ಕ ಇಲ್ಲಿಯೂ ತಡಮಾಡುವವನ ವಿರುದ್ಧವೇ ಇದೆ: ಸಣ್ಣ ರಂಧ್ರವನ್ನು ತುಂಬಿಸುವ ವೆಚ್ಚ, ಬೇರಿನ ನಾಳವನ್ನು ಶುದ್ಧಿಮಾಡಿ ಮೇಲೆ ಕವಚ ತೊಡಿಸುವ ವೆಚ್ಚದ ಒಂದು ಸಣ್ಣ ಪಾಲು, ಒಂದು ಸಲದ ಭೇಟಿಗೆ ಬದಲು ಹಲವು ಭೇಟಿ. ಕೋಲಾರ ಚಿನ್ನದ ಗಣಿ ಪಟ್ಟಣದಲ್ಲಿಯೇ ದಂತವೈದ್ಯ ವಿದ್ಯಾಲಯವೊಂದಿದೆ. ಇಂಥ ವಿದ್ಯಾಲಯಗಳ ಆಸ್ಪತ್ರೆಗಳಲ್ಲಿ ಅಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುವುದರಿಂದ ಶುಲ್ಕ ಸಾಮಾನ್ಯವಾಗಿ ಕಡಮೆ. ಕಲಿಯುವವರ ಕೈಗೆ ಬಾಯಿ ಕೊಡುವುದು ಹೇಗೆಂದು ಹಿಂಜರಿಯುವವರಿಗೆ ನಾವು ಹೇಳುವುದಿಷ್ಟೆ: ಆತುರವಿಲ್ಲದ ಕೈ ಅದು, ಮೇಲೆ ನೋಡುವವರೂ ಒಬ್ಬರಿದ್ದಾರೆ. ದಂತವೈದ್ಯನೆಂದು ನೋಂದಾಯಿಸಿಕೊಳ್ಳದವನ ಕೈಗೆ, ಅಂದರೆ ಬೀದಿಯ ಇಕ್ಕಳಕ್ಕೆ, ದವಡೆಯನ್ನು ಒಪ್ಪಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟು ತಿಳಿದ ಮೇಲೂ ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಕಾರಣ ತಿಳಿದ ಮಾತ್ರಕ್ಕೆ ದೇಹ ಕೂಡಲೇ ಕೇಳುವುದಿಲ್ಲ. ಮೊದಲನೆಯ ಸಲ ಪರೀಕ್ಷೆಗಾಗಿ ಮಾತ್ರ ಹೋಗಿ, ಯಾವ ಯಂತ್ರವನ್ನೂ ಹಿಡಿಸದೆ ಬರಬಹುದು. ‘ನನಗೆ ಭಯವಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಎಡಗೈ ಎತ್ತಿದರೆ ಕೆಲಸ ನಿಲ್ಲಿಸುವಿರಾ ಎಂದು ಮೊದಲೇ ಕೇಳಿ ಒಪ್ಪಿಸಿಕೊಳ್ಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಯಂತ್ರದ ಶಬ್ದವನ್ನೇ ಸಹಿಸಲಾರದವರು ಅದಿಲ್ಲದ ವಿಧಾನವೇನಾದರೂ ತಮ್ಮ ಹಲ್ಲಿಗೆ ಹೊಂದುವುದೇ ಎಂದು ವಿಚಾರಿಸಬಹುದು. ೧೯೮೦ರ ದಶಕದಲ್ಲಿ ವಿದ್ಯುಚ್ಛಕ್ತಿಯಿಲ್ಲದ ಟಾಂಜಾನಿಯದ ಹಳ್ಳಿಗಳಿಗಾಗಿ ರೂಪಿಸಿದ ಕ್ರಮವೊಂದಿದೆ: ಹುಳುಕನ್ನು ಕೈಯುಪಕರಣಗಳಿಂದಲೇ ಕೆರೆದು ತೆಗೆದು, ಹಲ್ಲಿಗೆ ತಾನಾಗಿ ಅಂಟಿಕೊಳ್ಳುವ ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟಿನಿಂದ ತುಂಬುವುದು. ಬೆಳ್ಳಿಯ ಸಂಯುಕ್ತವೊಂದನ್ನು ಹಚ್ಚಿ ಹುಳುಕು ಮುಂದುವರಿಯದಂತೆ ತಡೆಯುವ ಕ್ರಮವೂ ಬಂದಿದೆ. ಹಚ್ಚಿದ ಜಾಗ ಕಪ್ಪಾಗುವುದೊಂದೇ ಅದರ ದೊಡ್ಡ ಕುಂದು. ಎರಡೂ ನಡೆಯುವುದು ಹುಳುಕು ತಿರುಳನ್ನು ಮುಟ್ಟುವ ಮುಂಚೆ ಮಾತ್ರ. ಎಂದರೆ ತಣ್ಣೀರಿಗೆ ಹಲ್ಲು ಚುಳುಕ್ಕೆನ್ನುವ ದಿನಗಳಲ್ಲಿ.